ತಪ್ಪಲ್ಲದ ಹೆಸರು

ದಿವ್ಯ ಮಗನನ್ನು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದ್ದು ಗಂಡ ತೀರಿಕೊಂಡ ವಾರದಲ್ಲಿ. ಯೋಚಿಸಿ ಮಾಡಿದ ತೀರ್ಮಾನವಲ್ಲ ಅದು. ಹಲಸೂರಿನ ಬಾಡಿಗೆ ಮನೆಯಲ್ಲಿ ನೆಂಟರಿಷ್ಟರು ಚಾಪೆಯ ಮೇಲೆ ಕೂತಿದ್ದರು. ಇನ್ನೂ ಎರಡು ತುಂಬದ ಮಗು ಎಲ್ಲರ ಕಾಲು ದಾಟಿಕೊಂಡು ಮೆಟ್ಟಿಲ ಕಡೆ ಓಡಿತು. ಕೂಗಲೆಂದು ಬಾಯಿ ತೆರೆದಳು, ಹೆಸರು ಹೊರಡಲಿಲ್ಲ. ಎದ್ದು ಓಡಿಹೋಗಿ ತೋಳು ಹಿಡಿದು ಎಳೆದುಕೊಂಡು ಬಂದಳು. ಅಲ್ಲಿಂದ ಮುಂದೆ ಅವನು ಮನೆಯಲ್ಲಿ ಚಿನ್ನ, ಕಂದ, ಬಂಗಾರ. ಸಿಟ್ಟು ಬಂದಾಗ ಬರೀ ‘ಲೋ’. ಜನನ ಪ್ರಮಾಣಪತ್ರದಲ್ಲಿ ಅವನ ಹೆಸರು ಕೆಂಪರಾಜ್. ಅವನ ಅಪ್ಪನನ್ನು ಕೊಂದವನ ಹೆಸರೂ ಕೆಂಪರಾಜ್. ಕೊಂದವನು ದಿವ್ಯಳ ಒಡಹುಟ್ಟಿದ ಅಣ್ಣ.

ಆ ಹೆಸರನ್ನು ಯಾರೋ ಒತ್ತಾಯ ಮಾಡಿ ಇಡಿಸಿದ್ದಲ್ಲ. ದಿವ್ಯಳೇ ಇಟ್ಟಿದ್ದು, ಇಷ್ಟಪಟ್ಟು ಇಟ್ಟಿದ್ದು.

ಅವಳು ಹುಟ್ಟಿ ಬೆಳೆದದ್ದು ಗರುಡಾಚಾರ್‌ಪಾಳ್ಯದಲ್ಲಿ. ಅಪ್ಪ ಮುನಿಶಾಮಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಕಾಲ ಅವಳಿಗೆ ಮಸುಕಾಗಿ ನೆನಪಿದೆ. ಕಾರ್ಖಾನೆಗಳು ಬಂದವು, ಆಮೇಲೆ ಗಾಜಿನ ಆಫೀಸುಗಳು ಬಂದವು. ಹೊಲ ಸ್ವಲ್ಪಸ್ವಲ್ಪವೇ ಸೈಟಾಗಿ ಕರಗಿತು. ಉಳಿದಿದ್ದು ಸಾಲಾಗಿ ಕಟ್ಟಿಸಿದ ಬಾಡಿಗೆ ಮನೆಗಳು ಮತ್ತು ಅದರ ಹಿಂದಿನ ಒಂದಷ್ಟು ಖಾಲಿ ಜಾಗ. ಆ ಜಾಗದಲ್ಲಿ ಕೆಂಪರಾಜ್ ಬೋರ್‌ವೆಲ್ ಕೊರೆಸಿ ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುವ ಕೆಲಸ ಶುರುಮಾಡಿದ. ಮುಂಗೋಪಿ. ಮಾತಿಗೆ ಮೊದಲು ಕೈ ಎತ್ತುವವನು. ಆದರೆ ತಂಗಿಯೆಂದರೆ ಪ್ರಾಣ. ದಿವ್ಯ ಶಿವಾಜಿನಗರದಲ್ಲಿ ಮುಕ್ತಾರ್ ಭಾಯ್ ಅವರ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದಾಗ ‘ಹೆಣ್ಣುಮಗಳು ಅಷ್ಟು ದೂರ ಬಸ್ಸಲ್ಲಿ ಹೋಗೋದು ಬೇಡ’ ಎಂದು ಅಪ್ಪ ಅಡ್ಡ ಬಂದರೆ, ಅವಳ ಪರ ನಿಂತವನು ಅಣ್ಣ. ಆ ಅಂಗಡಿಯ ಕಟ್ಟಡದ ಲಿಫ್ಟ್ ರಿಪೇರಿಗೆ ಬರುತ್ತಿದ್ದ ಶ್ರೀನಾಥನನ್ನು ಅವಳು ಮದುವೆಯಾಗುತ್ತೇನೆಂದಾಗಲೂ ಅವನೇ ನಿಂತ. ಶ್ರೀನಾಥ ಹಲಸೂರಿನವನು, ಮನೆಯಲ್ಲಿ ತಮಿಳು, ಹೇಳಿಕೊಳ್ಳುವಂಥ ಆಸ್ತಿ ಏನೂ ಇಲ್ಲ, ತಂದೆತಾಯಿ ಇಬ್ಬರೂ ಇಲ್ಲ. ಮುನಿಶಾಮಿ ಮಗಳ ಜೊತೆ ಮಾತು ಬಿಟ್ಟರು. ಕೆಂಪರಾಜ್ ಒಂದು ಬೆಳಿಗ್ಗೆ ಅಪ್ಪನ ಎದುರು ಕೂತು, ಅವರು ಒಪ್ಪುವ ತನಕ ಮೇಲೇಳಲಿಲ್ಲ.

ಕೊರೊನಾದ ಎರಡನೆಯ ಅಲೆ ಬಂದಾಗ ದಿವ್ಯ ತುಂಬಿದ ಬಸುರಿ. ಜ್ವರ ಬಂತು, ಉಸಿರು ಸಿಕ್ಕಿಹಾಕಿಕೊಳ್ಳತೊಡಗಿತು. ಶ್ರೀನಾಥ ಫೋನು ಹಿಡಿದು ಕಂಡಕಂಡವರನ್ನೆಲ್ಲ ಬೇಡಿದ, ಎಲ್ಲೂ ಹಾಸಿಗೆ ಇಲ್ಲ. ಸುದ್ದಿ ತಿಳಿದ ಕೆಂಪರಾಜ್ ಕಾರು ತಂದ. ತಂಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಒಂದಾದ ಮೇಲೊಂದು ಆಸ್ಪತ್ರೆಯ ಗೇಟು ತಟ್ಟಿದ. ಕೊನೆಗೆ ತಾನು ನೀರು ಹೊಡೆಯುತ್ತಿದ್ದ ಒಂದು ಆಸ್ಪತ್ರೆಯ ಮ್ಯಾನೇಜರನ್ನು ಹೊರಗೆ ಕರೆಸಿ, ನಿಮಗೆ ನಾಳೆ ನೀರು ಬೇಕೋ ಬೇಡವೋ ಎಂದು ಕೇಳಿದ. ಅಡ್ಮಿಷನ್ ಕಾಗದಗಳಿಗೆ ಸಹಿ ಹಾಕಿದವನು, ಆಕ್ಸಿಜನ್ ಸಿಲಿಂಡರ್ ಹೊತ್ತು ಮಹಡಿ ಹತ್ತಿದವನು ಅವನೇ. ದಿವ್ಯ ಬದುಕಿದಳು, ಮಗುವೂ ಬದುಕಿತು. ಹೆಸರು ಬರೆದುಕೊಳ್ಳಲು ನರ್ಸ್ ಬಂದಾಗ ಮಾಸ್ಕಿನ ಒಳಗಿಂದ ದಿವ್ಯ ಗಂಡನಿಗೆ ಹೇಳಿದ್ದು ಒಂದೇ ಮಾತು: “ಅಣ್ಣನ ಹೆಸರೇ ಇಡೋಣ ಕಣ್ರೀ.” ಶ್ರೀನಾಥ ಎರಡನೆಯ ಮಾತಾಡಲಿಲ್ಲ. ಈಗಿನ ಕಾಲದ ಮಗುವಿಗೆ ಅಂಥ ಹಳೇ ಹೆಸರು ಯಾರು ಇಡುತ್ತಾರೆ ಎಂದು ಆಮೇಲೆ ನೆಂಟರು ನಕ್ಕರು. ಅವಳ ತಾಯಿ ಪಟಾಲಮ್ಮನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. ಕೆಂಪರಾಜ್ ಎನ್ನುವುದು ಆಕೆಯ ತಂದೆಯ ಹೆಸರು. ಸುದ್ದಿ ಕೇಳಿದ ಅಣ್ಣ ಆಸ್ಪತ್ರೆಯ ಕಾಂಪೌಂಡಿನ ಪಕ್ಕ ನಿಂತು ಅತ್ತನಂತೆ. ಶ್ರೀನಾಥ ಬಂದು ಹೇಳಿದ್ದ.

ಮರುವರ್ಷ ಮುನಿಶಾಮಿ ತೀರಿಹೋದರು. ಬಾಡಿಗೆ ಮನೆಗಳನ್ನು ಕೆಡವಿ ಹಿಂದಿನ ಜಾಗವನ್ನೂ ಸೇರಿಸಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್ ಒಬ್ಬ ಮುಂದೆ ಬಂದ. ಮಗಳಿಗೂ ಪಾಲಿರುವುದರಿಂದ ದಿವ್ಯ ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕಿತ್ತು. ಅಣ್ಣ ಕಾಗದ ತಂದ ದಿನ ಅವಳು ಪೆನ್ನು ತೆಗೆದುಕೊಂಡದ್ದೂ ಆಗಿತ್ತು. ಶ್ರೀನಾಥ ಓದಿ ನೋಡಿ ಕೊಡುತ್ತೇವೆ ಎಂದ. ಅವನು ಕೇಳಿದ್ದು ಹೆಚ್ಚೇನಲ್ಲ, ಕಟ್ಟುವ ಮನೆಗಳಲ್ಲಿ ಒಂದು ದಿವ್ಯಳ ಹೆಸರಿಗೆ ಇರಲಿ, ಮುಂದೆ ಮಗುವಿಗಾಗುತ್ತದೆ ಎಂದು. ಆದರೆ ಕೆಂಪರಾಜನಿಗೆ ಅದು ಮುಖಕ್ಕೆ ಹೊಡೆದ ಹಾಗಾಯಿತು. ಅಪ್ಪನನ್ನು ಎದುರು ಹಾಕಿಕೊಂಡು ಮದುವೆ ಮಾಡಿಸಿದವನು ನಾನು, ಹೆಂಡತಿ ಮಗುವನ್ನು ಉಳಿಸಿಕೊಟ್ಟವನು ನಾನು, ನನ್ನ ಹತ್ತಿರವೇ ಲೆಕ್ಕ ಕೇಳುತ್ತಾನಲ್ಲ ಎಂದು ಕಂಡವರ ಹತ್ತಿರ ಹೇಳಿಕೊಂಡು ತಿರುಗಿದ. ಮಾತು ಒಬ್ಬರಿಂದೊಬ್ಬರಿಗೆ ದಾಟುತ್ತಾ ಖಾರವಾಯಿತು.

ಕೂತು ಮಾತಾಡೋಣವೆಂದು ಒಂದು ಭಾನುವಾರ ಮಧ್ಯಾಹ್ನ ಅಣ್ಣನೇ ಕರೆದ. ಗಂಡಹೆಂಡತಿ ಮಗುವನ್ನು ಎತ್ತಿಕೊಂಡು ಹೋದರು. ಹಿಂದಿನ ಖಾಲಿ ಜಾಗದಲ್ಲಿ ಟ್ಯಾಂಕರಿಗೆ ನೀರು ತುಂಬುತ್ತಿತ್ತು, ಮೋಟರಿನ ಸದ್ದಿಗೆ ಎಲ್ಲರೂ ದನಿ ಎತ್ತಿಯೇ ಮಾತಾಡಬೇಕಿತ್ತು. ಬಹುಶಃ ಅದರಿಂದಲೂ ಜಗಳ ಬೇಗ ಏರಿತು ಎಂದು ದಿವ್ಯಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ‘ನಿನ್ನ ತಂಗಿ ಭಿಕ್ಷೆ ಕೇಳ್ತಿಲ್ಲ ಬಾವ’ ಎಂದು ಶ್ರೀನಾಥ ಅಂದ. ಕೆಂಪರಾಜ್ ಟ್ಯಾಂಕರಿನ ಪಕ್ಕ ಬಿದ್ದಿದ್ದ ಪೈಪು ತಿರುಗಿಸುವ ಕಬ್ಬಿಣದ ಸ್ಪ್ಯಾನರ್ ಎತ್ತಿಕೊಂಡ. ಒಂದೇ ಏಟು. ಶ್ರೀನಾಥ ನೀರು ಚೆಲ್ಲಿ ಕೆಸರಾದ ನೆಲದ ಮೇಲೆ ಮಗ್ಗುಲಾಗಿ ಬಿದ್ದ. ಮಗು ದಿವ್ಯಳ ಸೊಂಟದ ಮೇಲಿತ್ತು. ಅದು ಮಾಮ ಬಂದಾಗೆಲ್ಲ ಮಾಡುವಂತೆ ಎರಡೂ ಕೈ ಮುಂದೆ ಚಾಚಿತ್ತು.

ಹೊಡೆದವನೇ ಶ್ರೀನಾಥನನ್ನು ಬಾಚಿ ಎತ್ತಿಕೊಂಡು ಕಾರಿಗೆ ಹಾಕಿದ. ಅವನೇ ಆಸ್ಪತ್ರೆಗೆ ಓಡಿಸಿದ. ಪೊಲೀಸರು ಬಂದಾಗಲೂ ಅಲ್ಲೇ, ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಶ್ರೀನಾಥನಿಗೆ ಪ್ರಜ್ಞೆ ಮರಳಲೇ ಇಲ್ಲ.

ಮುಕ್ತಾರ್ ಭಾಯ್ ಅಂಗಡಿಯ ಕೆಲಸ ಹಾಗೇ ಉಳಿಸಿಟ್ಟಿದ್ದರು. ದಿವ್ಯ ಮತ್ತೆ ಕೌಂಟರಿನ ಹಿಂದೆ ನಿಂತಳು. ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ ಸರಿಯಾಯಿತೇ ಎಂದು ಕೇಳುವುದು, ಕನ್ನಡಿ ಹಿಡಿಯುವುದು. ಮಗುವನ್ನು ಮಹಡಿ ಕೆಳಗಿನ ಮನೆಯವರು ನೋಡಿಕೊಳ್ಳುತ್ತಿದ್ದರು. ಎರಡು ವರ್ಷ ಹಾಗೂ ಹೀಗೂ ಕಳೆಯಿತು. ಕೆಂಪರಾಜ್ ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದ, ಜಾಮೀನು ಸಿಕ್ಕಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿಯೆಂದರೆ ದಿವ್ಯ ಒಬ್ಬಳೇ. ಟ್ಯಾಂಕರಿನ ಕೆಲಸದವರು ನಾವು ಆ ಕಡೆ ಇದ್ದೆವು, ಏನೂ ನೋಡಲಿಲ್ಲ ಎಂದುಬಿಟ್ಟಿದ್ದರು.

ಪುಲಿಕೇಶಿನಗರದ ಒಂದು ಸಣ್ಣ ಶಾಲೆಗೆ ಮಗನನ್ನು ಸೇರಿಸಿದಾಗ ಹೆಸರು ಮತ್ತೆ ಎದುರು ಬಂದು ನಿಂತಿತು. ಜನನ ಪ್ರಮಾಣಪತ್ರದಲ್ಲಿರುವಂತೆಯೇ ಶಾಲೆಯವರು ಬರೆದುಕೊಂಡರು. ಕೊರಳಿಗೆ ನೇತುಹಾಕುವ ಗುರುತಿನ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಕೆಂಪರಾಜ್ ಎಸ್. ಎಂದು ಅಚ್ಚಾಗಿ ಬಂತು. ದಿವ್ಯ ದಿನಾ ಬೆಳಿಗ್ಗೆ ಅದನ್ನು ಅವನ ಕೊರಳಿಗೆ ಹಾಕಿ, ಹೆಸರಿರುವ ಬದಿಯನ್ನು ಅಂಗಿಯ ಕಡೆಗೆ ತಿರುಗಿಸುವಳು. ಗೇಟು ತಲುಪುವುದರೊಳಗೆ ಅದು ತಿರುಗಿಕೊಂಡಿರುತ್ತಿತ್ತು.

ಒಂದು ಸಂಜೆ ಅನ್ನ ಕಲಸುತ್ತಿದ್ದಾಗ ಮಗ ಬಂದು ಎದುರು ಕೂತ.

“ಅಮ್ಮ, ನನ್ನ ಹೆಸರು ಹೇಳು.”

“ನಿಂಗೇ ಗೊತ್ತಲ್ಲ ಕಂದ.”

“ಮಿಸ್ ಹೇಳ್ತಾರೆ. ಸೈಫ್ ಹೇಳ್ತಾನೆ. ನೀನು ಹೇಳು.”

ಅವಳು ತುತ್ತು ಬಾಯಿಗಿಟ್ಟಳು. ಅವನು ನುಂಗಿ, ಬಿಡಲಿಲ್ಲ. “ನಿಂಗೆ ಮರ್ತೋಗಿದ್ಯಾ?” ಎಂದು ಕೇಳಿದ. ಹೌದು ಎಂದಳು. ಹಾಗಾದರೆ ನಾನು ಹೇಳಿಕೊಡುತ್ತೇನೆ ಎಂದು ಅವನು ಬಿಡಿಸಿ ಬಿಡಿಸಿ ಹೇಳಿಕೊಟ್ಟ. ದಿವ್ಯ ತಟ್ಟೆ ಕೆಳಗಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಳು. ಆ ವಾರವೇ ರಜೆ ಹಾಕಿ ಜನನ ಮರಣ ನೋಂದಣಿಯ ಕಚೇರಿಗೆ ಹೋದಳು.

ಅಲ್ಲಿದ್ದ ಅಧಿಕಾರಿ ವಯಸ್ಸಾದ ಹೆಂಗಸು. ಗದರುವವರಲ್ಲ. ಪ್ರಮಾಣಪತ್ರ ನೋಡಿ, ಹೆಸರು ತಪ್ಪಾಗಿ ಎಂಟ್ರಿ ಆಗಿದೆಯೇ ಎಂದು ಕೇಳಿದರು.

“ಇಲ್ಲ ಮೇಡಂ. ಸರಿಯಾಗೇ ಆಗಿದೆ.”

“ಸ್ಪೆಲಿಂಗ್ ಏನಾದ್ರೂ?”

“ಅದೂ ಸರಿ ಇದೆ. ಆ ಹೆಸರು ಬೇಡ, ಅಷ್ಟೇ.”

ಅಧಿಕಾರಿ ಕುರ್ಚಿ ತೋರಿಸಿ ಕೂರಿಸಿದರು. ತಂದೆತಾಯಿ ಮಗುವಿಗೆ ಯಾವ ಹೆಸರು ಬೇಕಾದರೂ ಇಡಬಹುದು, ನಾವು ಯಾಕೆ ಎಂದು ಕೇಳುವುದಿಲ್ಲ. ಹುಟ್ಟಿದ ಕೂಡಲೇ ತೋಚದಿದ್ದರೆ ಹೆಸರಿನ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಡುವುದಕ್ಕೂ ಅವಕಾಶವಿದೆ. ಆದರೆ ಒಮ್ಮೆ ಬರೆಸಿದ ಮೇಲೆ ಕಾನೂನು ಒಪ್ಪುವುದು ತಿದ್ದುಪಡಿಯನ್ನು ಮಾತ್ರ. ತಿದ್ದಬೇಕೆಂದರೆ ಮೊದಲು ತಪ್ಪಿರಬೇಕು. ಬೇಡವಾಯಿತು ಎನ್ನುವುದು ತಪ್ಪಲ್ಲ. ಇಷ್ಟನ್ನು ಅವರು ನಿಧಾನವಾಗಿ ಬಿಡಿಸಿ ಹೇಳಿದರು.

“ಹಾಗಾದ್ರೆ ಏನೂ ಇಲ್ದಂಗೆ ಮಾಡ್ಬಿಡಿ ಮೇಡಂ. ಖಾಲಿ ಬಿಟ್ಬಿಡಿ.”

“ಖಾಲಿ ಇದ್ರೆ ತುಂಬಬಹುದಮ್ಮ. ತುಂಬಿರೋದನ್ನ ಖಾಲಿ ಮಾಡೋಕೆ ನಮಗೆ ಪವರ್ ಇಲ್ಲ. ಯಾಕೆ ಬೇಡ ಆ ಹೆಸರು?”

ದಿವ್ಯ ಹೇಳಿದಳು. ಪಕ್ಕದ ಮೇಜಿನವನು ಕೀಲಿ ಒತ್ತುವುದನ್ನು ನಿಲ್ಲಿಸಿದ್ದ. ಕೋರ್ಟಿಗೆ ಹೋಗಿ ಆದೇಶ ತನ್ನಿ, ಇಲ್ಲಿ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅಧಿಕಾರಿ ಹೇಳಿ, ನೀರಿನ ಲೋಟ ಅವಳ ಕಡೆ ಸರಿಸಿದರು.

ಕಚೇರಿಯ ಹೊರಗೆ ಅಫಿಡವಿಟ್ ಟೈಪು ಮಾಡಿಕೊಡುವವರ ಸಾಲು. ಅವರಲ್ಲೊಬ್ಬ ಅವಳ ಹಿಂದೆಯೇ ಬಂದು, ಒಳಗೆ ಏನೆಂದರು ಎಂದು ವಿಚಾರಿಸಿದ. ಅವನಿಗೆ ಇದು ಕಷ್ಟದ ಕೆಲಸವಾಗಿ ಕಾಣಲಿಲ್ಲ. ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದವನು ಅಣ್ಣ ತಾನೇ? ಗುಮಾಸ್ತ ಗಲಿಬಿಲಿಯಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಸಹಿ ಹಾಕಿದವನ ಹೆಸರು ಬರೆದುಬಿಟ್ಟ, ತಾನು ಆಕ್ಸಿಜನ್ ಮೇಲಿದ್ದುದರಿಂದ ಗೊತ್ತಾಗಲಿಲ್ಲ ಎಂದು ಪ್ರಮಾಣ ಮಾಡಿದರೆ ಸಾಕು. ಯಾರಾದರೂ ನಂಬುತ್ತಾರೆ. ಆ ಕಾಲದಲ್ಲಿ ಇದಕ್ಕಿಂತ ದೊಡ್ಡ ಗಲಿಬಿಲಿಗಳಾಗಿವೆ. ಅವನು ಅಲ್ಲೇ ಟೈಪು ಮಾಡಿಕೊಟ್ಟ. ಛಾಪಾ ಕಾಗದದ ಮೇಲೆ ಓದಿದಾಗ ದಿವ್ಯಳಿಗೂ ಒಂದು ಕ್ಷಣ ಹಾಗೇ ನಡೆದಿತ್ತು ಎನ್ನಿಸಿತು. ಹಾಗೇ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು. ಸಹಿ ಅಂಗಡಿಗೆ ಹೋಗಿ ಹಾಕುತ್ತೇನೆಂದು ಚೀಲಕ್ಕೆ ಹಾಕಿಕೊಂಡಳು.

ಅಂಗಡಿಯಲ್ಲಿ ಮುಕ್ತಾರ್ ಭಾಯ್ ಕಾಗದ ಓದಿದರು. ತಮ್ಮ ಅಣ್ಣನ ಮಗಳು ನಾಜಿಶ್‌ಗೆ ಫೋನು ಮಾಡಿದರು. ನಾಜಿಶ್ ಸಿವಿಲ್ ಕೋರ್ಟಿನಲ್ಲಿ ವಕೀಲೆ, ಮನೆ ಅಲ್ಲೇ ಹತ್ತಿರ. ಸಂಜೆ ಬಂದು ಸ್ಟೂಲಿನ ಮೇಲೆ ಕೂತು ಓದಿದವಳು ಕೇಳಿದ ಮೊದಲ ಪ್ರಶ್ನೆ, ಕೊಲೆ ಕೇಸಿನಲ್ಲಿ ನಿಮ್ಮ ಸಾಕ್ಷಿ ಆಯಿತೇ ಎಂದು. ಇಲ್ಲ, ಇನ್ನೇನು ಕರೆ ಬರುತ್ತದೆ ಎಂದಳು ದಿವ್ಯ.

“ಹಾಗಿದ್ರೆ ಇದಕ್ಕೆ ಸಹಿ ಹಾಕ್ಬೇಡಿ ಅಕ್ಕ,” ಎಂದಳು ನಾಜಿಶ್. “ಹೆಸರು ನೀವೇ ಇಟ್ಟಿದ್ದು ಅಂತ ಊರಿಗೆಲ್ಲ ಗೊತ್ತು. ಈ ಕಾಗದ ಅವರ ವಕೀಲರ ಕೈಗೆ ಸಿಕ್ರೆ, ಪ್ರಮಾಣ ಮಾಡಿ ಸುಳ್ಳು ಹೇಳೋ ಹೆಂಗಸು ಅಂತಾರೆ. ಆಮೇಲೆ ನೀವು ನೋಡಿದ್ದನ್ನೂ ಜಡ್ಜ್ ನಂಬಲ್ಲ. ಆ ಕೇಸು ಮುಗೀಲಿ, ಹೆಸರಿಗೆ ಆಮೇಲೆ ಕೋರ್ಟಿಗೆ ಹೋಗೋಣ.”

ದಿವ್ಯ ಕಾಗದವನ್ನು ವಾಪಸ್ ಈಸಿಕೊಂಡಳು. ಗಿರಾಕಿಯೊಬ್ಬರು ಬಂದರು, ಫ್ರೇಮು ತೋರಿಸಿದಳು, ಬಿಲ್ಲು ಹಾಕಿದಳು. ಅಂಗಡಿ ಮುಚ್ಚುವ ಹೊತ್ತಿಗೆ ಅದನ್ನು ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದಳು. ಹೆಸರು ಹಾಗೇ ಉಳಿಯಿತು.

ಪಟಾಲಮ್ಮ ತಿಂಗಳಿಗೊಮ್ಮೆ ಮಗಳ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಸೊಪ್ಪು, ಅವರೆಕಾಯಿ, ಮೊಮ್ಮಗನಿಗೆ ಬಿಸ್ಕತ್ತು. ‘ಕೆಂಪಾ’ ಎಂದು ಬಾಗಿಲಿನಿಂದಲೇ ಕೂಗಿಕೊಂಡು ಬರುವಳು, ಹುಡುಗ ಓಡಿಹೋಗಿ ಅಪ್ಪಿಕೊಳ್ಳುವನು. ದಿವ್ಯ ಬೇಡವೆನ್ನಲು ಹೋಗಿರಲಿಲ್ಲ. ಸಾಕ್ಷಿಯ ಸಮನ್ಸ್ ಬಂದ ತಿಂಗಳು ಮುದುಕಿ ಬರಿಗೈಯಲ್ಲಿ ಬಂದಳು. ಹೆಸರು ತೆಗೆಸಲು ಮಗಳು ಓಡಾಡಿದ್ದು ಯಾರಿಂದಲೋ ತಿಳಿದಿತ್ತು.

“ಅದು ನಿಮ್ಮಣ್ಣನ ಹೆಸರಲ್ಲ ಕಣೆ, ನಮ್ಮಪ್ಪಂದು. ಅದೇನು ತಪ್ಪು ಮಾಡ್ತು?” ಎಂದಳು. ಆಮೇಲೆ ತಾನು ನಿಜಕ್ಕೂ ಹೇಳಬಂದದ್ದನ್ನು ಹೇಳಿದಳು. “ಹೋದೋನಂತೂ ಬರಲ್ಲ. ಇರೋನ್ನಾದ್ರೂ ಉಳಿಸ್ಕೊಡವ್ವ. ಗಾಬರೀಲಿ ಸರಿಯಾಗಿ ಕಾಣಲಿಲ್ಲ ಅಂದ್ಬಿಡು.”

ದಿವ್ಯ ತಾಯಿಗೆ ಕಾಫಿ ಮಾಡಿಕೊಟ್ಟಳು. ಕಾಣಲಿಲ್ಲ ಎಂದು ಹೇಳಲು ತನ್ನಿಂದ ಆಗುವುದಿಲ್ಲ ಎಂದಳು. ಪಟಾಲಮ್ಮ ಕಾಫಿ ಮುಟ್ಟದೆ ಎದ್ದು ಹೋದಳು. ಅವಳು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ದಿವ್ಯ ಮೇಲಿನಿಂದ ನೋಡಿದಳು, ಕೆಳಗಿಳಿದು ಕೈ ಹಿಡಿಯಲಿಲ್ಲ.

ಕೋರ್ಟಿನಲ್ಲಿ ಅಣ್ಣನನ್ನು ಅವಳು ನೋಡಿದ್ದು ಎರಡೂವರೆ ವರ್ಷದ ಮೇಲೆ. ತೆಳ್ಳಗಾಗಿದ್ದ, ಕೂದಲು ನರೆತಿತ್ತು. ಕಟಕಟೆಯ ಕಂಬಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಅವಳು ಕಂಡದ್ದನ್ನು ಕಂಡಂತೆ ಹೇಳಿದಳು: ಮೋಟರಿನ ಸದ್ದು, ಬೈಗುಳ, ಸ್ಪ್ಯಾನರ್, ಏಟು. ಆಮೇಲೆ ಅಣ್ಣನ ಪರ ವಕೀಲರು ಎದ್ದರು. ಬಿಳಿ ಮೀಸೆಯ ಮರ್ಯಾದಸ್ಥ ಮನುಷ್ಯ. ಏಟಿನ ವಿಷಯ ಎತ್ತಲೇ ಇಲ್ಲ.

“ನಿಮ್ಮ ಮಗನ ಹೆಸರೇನಮ್ಮ?”

ದಿವ್ಯ ಉತ್ತರ ಕೊಡಲಿಲ್ಲ. ನ್ಯಾಯಾಧೀಶರು ತಲೆ ಎತ್ತಿ, ಹೇಳಿ ಎಂದರು. ಕಂಬಿಯ ಆಚೆ ನಿಂತವನು ಮೊದಲ ಬಾರಿಗೆ ತಲೆ ಎತ್ತಿ ನೋಡಿದ.

“ಕೆಂಪರಾಜ್,” ಎಂದಳು.

“ಇಟ್ಟವರು ಯಾರು?”

“ನಾನೇ.”

“ಬಲವಂತಕ್ಕಾ, ಪ್ರೀತಿಗಾ?”

“ಪ್ರೀತಿಗೆ.”

“ಅದನ್ನ ಬದಲಾಯಿಸ್ಬೇಕು ಅಂತ ಆಫೀಸಿಗೆ ಹೋಗಿದ್ರಲ್ಲ, ತಪ್ಪಾಗಿ ಬರೆಸಿದ್ದು ಅಂತ ಹೇಳಿದ್ರಾ?”

“ಇಲ್ಲ ಸಾರ್. ತಪ್ಪಾಗಿಲ್ಲ ಅಂತಾನೇ ಹೇಳ್ದೆ. ಅವತ್ತು ನಮ್ಮಣ್ಣ ಇಲ್ದಿದ್ರೆ ನಾನೂ ಇರ್ತಿರಲಿಲ್ಲ, ನನ್ನ ಮಗೂನೂ ಇರ್ತಿರಲಿಲ್ಲ. ಅದು ನಿಜ. ನನ್ನ ಕಣ್ಣೆದುರಿಗೆ ನನ್ನ ಗಂಡನ್ನ ಹೊಡೆದಿದ್ದೂ ನಿಜ.”

ವಕೀಲರು ಅಷ್ಟು ಸಾಕೆಂಬಂತೆ ತಲೆಯಾಡಿಸಿ ಕೂತರು. ಅಣ್ಣ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಹೊರಗೆ ಬಂದಾಗ ಸರ್ಕಾರಿ ವಕೀಲರ ಮುಖ ಗಂಟಿಕ್ಕಿತ್ತು. ಚೆನ್ನಾಗಿ ಹೇಳಿದಿರಿ ಎಂದು ನಾಜಿಶ್ ಅವಳ ಕೈ ಅದುಮಿದಳು, ಆದರೆ ಅವಳ ದನಿಯೂ ಅಷ್ಟಕ್ಕಷ್ಟೇ ಇತ್ತು.

ತೀರ್ಪು ಬಂದದ್ದು ಕೆಲವು ತಿಂಗಳ ನಂತರ. ದಿವ್ಯಳ ಸಾಕ್ಷಿಯನ್ನು ಕೋರ್ಟು ಪೂರ್ತಿ ನಂಬಿತ್ತು. ಹೊಡೆದದ್ದು ಕೆಂಪರಾಜನೇ ಎಂಬುದರಲ್ಲಿ ಅನುಮಾನವಿಲ್ಲ ಎಂದಿತ್ತು. ಹಾಗೆಯೇ, ತಂಗಿಯ ಕುಟುಂಬದ ಮೇಲೆ ಆರೋಪಿಗೆ ಮೊದಲಿನಿಂದ ದ್ವೇಷವಿರಲಿಲ್ಲ, ಮಗುವಿಗೆ ಅವನ ಹೆಸರನ್ನೇ ಇಡುವಷ್ಟು ಅನ್ಯೋನ್ಯತೆಯಿತ್ತು, ಆ ಹೆಸರು ಇಂದಿಗೂ ಮುಂದುವರಿದಿದೆ, ಗಾಯಾಳುವನ್ನು ಅವನೇ ಆಸ್ಪತ್ರೆಗೆ ಸೇರಿಸಿದ್ದಾನೆ, ಆದ್ದರಿಂದ ಇದು ಮೊದಲೇ ಉದ್ದೇಶಿಸಿ ಮಾಡಿದ ಕೊಲೆಯಲ್ಲ, ಕ್ಷಣದ ಸಿಟ್ಟಿನಲ್ಲಿ ಆದ ನರಹತ್ಯೆ ಎಂದೂ ಹೇಳಿತ್ತು. ಜೀವಾವಧಿಯ ಬದಲು ಏಳು ವರ್ಷ. ಜೈಲಿನಲ್ಲಿ ಈಗಾಗಲೇ ಕಳೆದದ್ದು ಅದರಲ್ಲೇ ವಜಾ ಆಗುತ್ತದೆ. ನಾಜಿಶ್ ಅಂಗಡಿಯಲ್ಲಿ ಕೂತು ಇಂಗ್ಲಿಷಿನಲ್ಲಿದ್ದ ತೀರ್ಪನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದವಳು ಹೆಸರಿನ ಸಾಲು ಬಂದಾಗ ನಿಲ್ಲಿಸಿದಳು. ಅದನ್ನೂ ಓದು ಎಂದಳು ದಿವ್ಯ. ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಎದ್ದು ಒರೆಸಿಯೇ ಇದ್ದ ಕನ್ನಡಕಗಳನ್ನು ಮತ್ತೊಮ್ಮೆ ಒರೆಸಿ ಜೋಡಿಸತೊಡಗಿದಳು.

ಈಗ ಅಡ್ಡಿ ಇರಲಿಲ್ಲ. ಹೆಸರಿನ ದಾವೆ ಹೂಡೋಣವೆಂದು ನಾಜಿಶ್ ಹೇಳಿದಾಗ ಹೊಸ ಹೆಸರು ಯಾವುದು ಎಂಬ ಪ್ರಶ್ನೆ ಬಂತು. ಹಳೆಯದು ಹೋಗಬೇಕೆಂದು ಇಷ್ಟು ವರ್ಷ ಹಂಬಲಿಸಿದವಳು ಆ ಜಾಗಕ್ಕೆ ಏನು ಬರಬೇಕೆಂದು ಯೋಚಿಸಿರಲೇ ಇಲ್ಲ. ಮಗನನ್ನು ಕೇಳಿದಳು. ಅವನು ಯೋಚಿಸದೆ ಸೈಫ್ ಎಂದ. ಅವನ ಪಕ್ಕ ಕೂರುವ ಹುಡುಗ. ಒಂದೇ ಕ್ಲಾಸಿನಲ್ಲಿ ಇಬ್ಬರು ಸೈಫ್ ಆದರೆ ಮಿಸ್‌ಗೆ ಕಷ್ಟವಾಗುತ್ತದೆ ಎಂದದ್ದಕ್ಕೆ ಅವನು ಪೆಚ್ಚಾದ. ಕೊನೆಗೆ, ಶ್ರೀನಾಥ ಸೋಮವಾರಗಳಲ್ಲಿ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗುತ್ತಿದ್ದನೆಂದು ಸೋಮನಾಥ್ ಎಂದು ಬರೆಸಿದಳು. ಅಪ್ಪನ ಹೆಸರಿನ ಅರ್ಧವೂ ಅದರಲ್ಲಿತ್ತು.

ಕೋರ್ಟು ಅವಳ ಕೋರಿಕೆಯನ್ನು ಮನ್ನಿಸಿತು. ಆದೇಶ ಹಿಡಿದು ಅದೇ ಕಚೇರಿಗೆ ಹೋದಳು. ಹಿಂದಿನ ಅಧಿಕಾರಿ ನಿವೃತ್ತರಾಗಿದ್ದರು, ಹೊಸಬ ಚಟಪಟ ಕೆಲಸ ಮುಗಿಸಿದ. ಅಚ್ಚಾಗಿ ಬಂದ ಹಾಳೆ ನೋಡಿ ದಿವ್ಯ ಮತ್ತೆ ಕಿಟಕಿಗೆ ಬಂದಳು. ಹೆಸರಿನ ಜಾಗದಲ್ಲಿ ಕೆಂಪರಾಜ್ ಎಂದೇ ಇತ್ತು. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ನ್ಯಾಯಾಲಯದ ಆದೇಶದಂತೆ ಸೋಮನಾಥ್ ಎಂದೂ ಕರೆಯತಕ್ಕದ್ದು ಎಂದಿತ್ತು. ಮೂಲ ನಮೂದನ್ನು ಅಳಿಸುವಂತಿಲ್ಲ, ಬದಲಾವಣೆ ಏನಿದ್ದರೂ ಅಂಚಿನಲ್ಲೇ ಬರೆಯಬೇಕು, ಆದೇಶದಲ್ಲೂ ಹಾಗೇ ಇದೆ ನೋಡಿ ಎಂದು ಅವನು ಬೆರಳಿಟ್ಟು ತೋರಿಸಿದ. ಶಾಲೆಯಲ್ಲಿ ಹಾಳೆ ತೆಗೆದುಕೊಂಡರು. ತಮ್ಮ ಕಂಪ್ಯೂಟರಿನಲ್ಲಿ ಅಂಚಿಗೆ ಜಾಗವಿಲ್ಲ, ಸರ್ಕಾರದ ಪೋರ್ಟಲಿನಲ್ಲಿ ಬದಲಾದ ಮೇಲೆ ನೋಡೋಣ, ಅಲ್ಲಿಯ ತನಕ ಹಾಜರಿಯಲ್ಲಿ ಹಳೆಯದೇ ಇರಲಿ ಎಂದರು. ಮನೆಯಲ್ಲಿ ದಿವ್ಯ ಅವನನ್ನು ಸೋಮು ಎಂದು ಕರೆಯಲು ಶುರುಮಾಡಿದಳು. ಅವನು ಕೆಲವೊಮ್ಮೆ ತಿರುಗುತ್ತಿದ್ದ, ಕೆಲವೊಮ್ಮೆ ಇಲ್ಲ.

ಮೇಲ್ಮನವಿ ಹಾಕಿದ್ದ ಕೆಂಪರಾಜನಿಗೆ ಜಾಮೀನು ಸಿಕ್ಕಿತೆಂದು ತಿಳಿದದ್ದು ಒಂದು ಗುರುವಾರ. ಹೇಳಿದವಳು ಪಟಾಲಮ್ಮ. ಕಾಫಿ ಬಿಟ್ಟು ಎದ್ದು ಹೋದ ಮೇಲೆ ಅವಳು ಮಾಡಿದ ಮೊದಲ ಫೋನು ಅದು. ಮಗ ಮನೆಗೆ ಬಂದಿದ್ದಾನೆ, ಯಾರೊಡನೆಯೂ ಮಾತಿಲ್ಲ, ಊಟ ಬಿಟ್ಟು ಕೂತಿದ್ದಾನೆ, ಹುಡುಗನನ್ನು ಒಂದು ಸಲ ನೋಡಬೇಕಂತೆ ಎಂದಳು. ದೂರದಿಂದಲೇ ಸಾಕಂತೆ, ಶಾಲೆ ಯಾವುದು ಎಂದು ಕೇಳುತ್ತಿದ್ದಾನೆ. ದಿವ್ಯ ಫೋನು ಇಟ್ಟು, ಮುಕ್ತಾರ್ ಭಾಯ್‌ಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮಸೀದಿ ರಸ್ತೆಯ ಉದ್ದಕ್ಕೂ ನಡೆದೇ ಶಾಲೆಗೆ ಹೋದಳು.

ಆಫೀಸಿನಲ್ಲಿ ರಿಮ್ಶಾ ಎಂಬ ಹೊಸ ಹುಡುಗಿ ಕೂತಿದ್ದಳು. ತನ್ನ ಹೊರತು ಯಾರ ಜೊತೆಯೂ ಮಗನನ್ನು ಕಳಿಸಬಾರದು, ಅದರಲ್ಲೂ ಒಬ್ಬ ವ್ಯಕ್ತಿಯನ್ನು ಗೇಟಿನ ಒಳಗೆ ಬಿಡಲೇಬಾರದು ಎಂದು ದಿವ್ಯ ಹೇಳಿದಳು. ರಿಮ್ಶಾ ವಾಚ್‌ಮನ್‌ಗೆ ಕೊಡಲೆಂದು ಚೀಟಿ ತೆಗೆದುಕೊಂಡು, ಮಗುವಿನ ಹೆಸರು ಮತ್ತು ಕ್ಲಾಸು ಕೇಳಿದಳು.

“ಕೆಂಪರಾಜ್. ಯುಕೆಜಿ.”

“ಬಿಡಬಾರದು ಅಂದ್ರಲ್ಲ ಆಂಟಿ, ಅವರ ಹೆಸರು?”

“ಕೆಂಪರಾಜ್.”

ರಿಮ್ಶಾ ಬರೆಯಲು ಹೋದವಳು ಪೆನ್ನು ಎತ್ತಿದಳು. “ಮಗು ಹೆಸರು ಬರ್ಕೊಂಡೆ. ನಾನು ಕೇಳ್ತಿರೋದು ಬರಬಾರದವರ ಹೆಸರು.”

“ಎರಡೂ ಒಂದೇ ಕಣಮ್ಮ,” ಎಂದಳು ದಿವ್ಯ.

ಹುಡುಗಿ ಅವಳ ಮುಖ ನೋಡಿ, ಎರಡನೆಯ ಸಲ ಅದನ್ನೇ ಬರೆದಳು. ವಾಚ್‌ಮನ್‌ಗೆ ಗೊಂದಲವಾಗದಿರಲಿ ಎಂದು ದಿವ್ಯ ಫೋನಿನಲ್ಲಿ ಹುಡುಕಿ ಅವನಿಗೆ ಅಣ್ಣನ ಹಳೆಯ ಫೋಟೋ ತೋರಿಸಿದಳು. ಮಗುವಿನ ನಾಮಕರಣದ ದಿನದ್ದು ಅದು. ಬೇರೆ ಯಾವುದೂ ಅವಳ ಹತ್ತಿರ ಇರಲಿಲ್ಲ. ಎಳೆಮಗುವನ್ನು ಎತ್ತಿಕೊಂಡು ನಗುತ್ತಿದ್ದವನ ಮುಖವಷ್ಟೇ ಕಾಣುವಂತೆ ಬೆರಳಿನಲ್ಲಿ ಹಿಗ್ಗಿಸಿ, ಇವನೇ, ಸರಿಯಾಗಿ ನೋಡಿಟ್ಟುಕೊಳ್ಳಿ ಎಂದಳು. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಅಂಗಡಿಗೆ ಹಿಂದಿರುಗಲು ಮನಸ್ಸಾಗದೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಬರುವ ಗಾಡಿಗಳನ್ನೆಲ್ಲ ನೋಡುತ್ತಿದ್ದಳು.